ಎಷ್ಟನೇ ಸಲ ಬರೆದದ್ದು ಅಂತ ಯಾರು ನೋಡುತ್ತಾರೆ?

ನೀವು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳನ್ನೆಲ್ಲ ಓದಿದೆ. ಮಾತು ಬೇರೆ ಬೇರೆ, ಕೇಳಿರುವುದು ಒಂದೇ. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ, ಮೂರನೇ ಸಲ ಬರೆದರೆ ಕಾಲೇಜಿನವರು ಏನಂದುಕೊಳ್ಳುತ್ತಾರೆ? ಒಬ್ಬರಂತೂ ಸುತ್ತಿ ಬಳಸದೆ ಕೇಳಿದ್ದಾರೆ: ‘ಎಷ್ಟು ಸಲ ಬರೆದೆ ಅನ್ನೋದನ್ನ ಮುಚ್ಚಿಡಬಹುದಾ?’

ಈ ಕೊನೇ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಗಬೇಡಿ, ನಿಜವಾಗಿಯೂ. ಯಾಕೆಂದರೆ ಮೊದಲು ತಿಳಿಯಬೇಕಾದ್ದು ನಿಮ್ಮ ಹಳೆಯ ಅಂಕ ಕಾಲೇಜಿಗೆ ಕಾಣುತ್ತದೋ ಇಲ್ಲವೋ ಅನ್ನುವುದು. ಕಾಣದ ಕಡೆ ತಪ್ಪು ತಿಳಿಯುವ ಮಾತೇ ಬರುವುದಿಲ್ಲ. ಕಾಣುವ ಕಡೆ ಅವರು ಅದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ ಅನ್ನುವುದು ಮುಂದಿನ ಪ್ರಶ್ನೆ. ಈ ಎರಡನ್ನೂ ಬೆರೆಸಿಕೊಂಡು ಸುಮ್ನೆ ಭಯಪಡುವವರೇ ಜಾಸ್ತಿ. ಒಂದು ದೇಶದ ನಿಯಮ ಓದಿ ಇನ್ನೊಂದು ದೇಶದ ಪರೀಕ್ಷೆಗೆ ಹೆದರುವವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ.

ಕಾಣದ ಕಡೆಯಿಂದ ಶುರು ಮಾಡೋಣ. ನೀಟ್ ತೆಗೆದುಕೊಳ್ಳಿ. 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು, ತಪ್ಪಾದರೆ ಒಂದು ಕಟ್. ಫಲಿತಾಂಶದ ಹಾಳೆಯಲ್ಲಿ ಅಂಕ ಇದೆ, ಪರ್ಸೆಂಟೈಲ್ ಇದೆ, ರ‍್ಯಾಂಕ್ ಇದೆ. ‘ಎಷ್ಟನೇ ಪ್ರಯತ್ನ’ ಅನ್ನುವ ಕಾಲಂ ಇಲ್ಲ. ಕೌನ್ಸೆಲಿಂಗ್‌ನಲ್ಲಿ ಸೀಟು ಹಂಚುವುದು ರ‍್ಯಾಂಕ್ ನೋಡಿ. ಸಂದರ್ಶನ ಇಲ್ಲ, ಪ್ರಬಂಧ ಇಲ್ಲ. ಕಾಲೇಜಿಗೆ ಪಟ್ಟಿ ಬರುತ್ತದೆ, ಅವರು ಸೇರಿಸಿಕೊಳ್ಳುತ್ತಾರೆ, ಅಷ್ಟೆ. ಹೋದ ವರ್ಷ ನಿಮಗೆ 300 ಬಂದಿತ್ತೋ 600 ಬಂದಿತ್ತೋ ಕೇಳುವವರಿಲ್ಲ. ಹೋದ ವರ್ಷದ ಅಂಕ ಈ ವರ್ಷ ನಡೆಯುವುದೂ ಇಲ್ಲ. ಇಷ್ಟೇ ಸಲ ಬರೆಯಬೇಕು ಅನ್ನುವ ಮಿತಿಯೂ ಇಲ್ಲ. ಒಮ್ಮೆ ವಯಸ್ಸಿನ ಕಡೆಯಿಂದ ಕಡಿವಾಣ ಹಾಕಲು ನೋಡಿದ್ದರು, ಸಾಮಾನ್ಯ ವರ್ಗಕ್ಕೆ 25 ವರ್ಷ ಅಂತ. ಅದು ಕೋರ್ಟಿನ ಮೆಟ್ಟಿಲು ಹತ್ತಿತು. ಕೊನೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಿತಿಯನ್ನೇ ತೆಗೆದುಹಾಕಿತು.

ಆದರೆ ಇದೇ ಆಯೋಗ ಒಳಗೆ ಬಂದವರ ಪ್ರಯತ್ನಗಳನ್ನು ಎಣಿಸುತ್ತದೆ, ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಎಂಬಿಬಿಎಸ್ ಮೊದಲ ವರ್ಷವನ್ನು ಪಾಸು ಮಾಡಲು ಸಿಗುವುದು ನಾಲ್ಕೇ ಪ್ರಯತ್ನ. ಸೇರಿದ ದಿನದಿಂದ ಒಂಬತ್ತು ವರ್ಷದೊಳಗೆ ಇಡೀ ಕೋರ್ಸ್ ಮುಗಿಸಬೇಕು. ಬಾಗಿಲಲ್ಲಿ ಲೆಕ್ಕವೇ ಇಲ್ಲ, ಒಳಗೆ ಕಟ್ಟುನಿಟ್ಟು. ನನ್ನನ್ನು ಕೇಳಿದರೆ ಈ ಕ್ರಮದಲ್ಲಿ ಒಂದು ನ್ಯಾಯ ಇದೆ. ಪ್ರವೇಶ ಪರೀಕ್ಷೆ ಮತ್ತೆ ಬರೆಯುವವರು ಸ್ವಂತ ಸಮಯ ಹಾಕುತ್ತಾರೆ. ಒಳಗೆ ಕೂತು ಫೇಲಾಗುತ್ತಾ ಹೋಗುವವರು ಒಂದು ಸೀಟು ಹಿಡಿದುಕೊಂಡಿರುತ್ತಾರೆ.

ಹಾಗಂತ ಕಾಣದೇ ಇರುವುದು ಎಲ್ಲರಿಗೂ ಒಂದೇ ಥರದ ಉಪಕಾರ ಮಾಡುತ್ತದೆ ಅಂದುಕೊಳ್ಳಬೇಡಿ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ವರದಿ ಕೊಟ್ಟಿತು. ಆ ರಾಜ್ಯದಲ್ಲಿ 2016-17ರಲ್ಲಿ, ಅಂದರೆ ಪಿಯುಸಿಗೆ ಸಮನಾದ ಹನ್ನೆರಡನೇ ತರಗತಿಯ ಅಂಕದ ಮೇಲೆ ಸೀಟು ಕೊಡುತ್ತಿದ್ದಾಗ, ಎಂಬಿಬಿಎಸ್ ಸೇರಿದವರಲ್ಲಿ ರಿಪೀಟರ್‌ಗಳು ನೂರಕ್ಕೆ 12.47. ನೀಟ್ ಬಂದ ಮೇಲೆ, 2020-21ರ ಹೊತ್ತಿಗೆ ಅದು 71.42. ಅಂದರೆ ಸೀಟು ಸಿಕ್ಕವರಲ್ಲಿ ಮೂರು ಪಾಲಿಗೆ ಎರಡು ಪಾಲಿಗಿಂತ ಜಾಸ್ತಿ ಮಂದಿ ಮೊದಲ ಸಲ ಬರೆದವರಲ್ಲ. ಇದನ್ನು ಎರಡು ಥರ ಓದಬಹುದು. ಒಂದು, ಮತ್ತೆ ಬರೆಯುವುದು ಅವಮಾನವಲ್ಲ, ಅದೇ ಈಗ ರೂಢಿ. ಇನ್ನೊಂದು, ವರ್ಷವಿಡೀ ಮನೆಯಲ್ಲಿ ಕೂತು ಓದಲು ಯಾರ ಮನೆಯಲ್ಲಿ ಅನುಕೂಲ ಇದೆಯೋ ಅವರಿಗೆ ಬಾಗಿಲು ಅಗಲ. ಎರಡೂ ನಿಜ. ಕಾಲೇಜು ನಿಮ್ಮ ಪ್ರಯತ್ನ ಎಣಿಸದೇ ಇರಬಹುದು, ಮನೆಯವರ ಜೇಬು ಎಣಿಸುತ್ತಲೇ ಇರುತ್ತದೆ.

ಬ್ರಿಟನ್ನಿನ ಯೂಕ್ಯಾಟ್ ಕೂಡ ಹೆಚ್ಚುಕಡಿಮೆ ಇದೇ ಗುಂಪಿನದು. 2006ರಲ್ಲಿ ಯುಕೆಕ್ಯಾಟ್ ಅನ್ನುವ ಹೆಸರಲ್ಲಿ ಶುರುವಾಯಿತು, 2019ರಲ್ಲಿ ಹೆಸರು ಬದಲಾಯಿತು. ಒಂದು ವರ್ಷದ ಸರದಿಯಲ್ಲಿ ಒಂದೇ ಸಲ ಬರೆಯಬೇಕು. ಆ ಅಂಕ ಆ ವರ್ಷದ ಅರ್ಜಿಗೆ ಮಾತ್ರ. ಮುಂದಿನ ವರ್ಷ ಬೇಕಿದ್ದರೆ ಹೊಸದಾಗಿ ಬರೆಯಿರಿ, ಹಳೆಯದು ಹೋಯಿತು. ಆದರೆ ಅಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಯೂಕ್ಯಾಟ್ ಮತ್ತೆ ಬರೆದರೆ ತಕರಾರಿಲ್ಲದ ಕೆಲವು ಕಾಲೇಜುಗಳು ಎ-ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ ಶಾಲೆಯ ಕೊನೆಯ ಪರೀಕ್ಷೆಯ ವಿಷಯಗಳನ್ನು ಮತ್ತೆ ಬರೆದಿದ್ದರೆ ಹುಬ್ಬು ಗಂಟಿಕ್ಕುತ್ತವೆ. ಪ್ರವೇಶ ಪರೀಕ್ಷೆಯ ಮರುಪ್ರಯತ್ನ ಬೇರೆ, ಶಾಲೆಯ ಪರೀಕ್ಷೆಯ ಮರುಪ್ರಯತ್ನ ಬೇರೆ.

ಆಸ್ಟ್ರೇಲಿಯಾದ ಗ್ಯಾಮ್‌ಸ್ಯಾಟ್ ಇನ್ನೂ ಉದಾರಿ. ಪದವಿ ಮುಗಿಸಿದವರು ವೈದ್ಯಕೀಯಕ್ಕೆ ಹೋಗಲು ಬರೆಯುವ ಪರೀಕ್ಷೆ ಅದು. ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಅಂಕ ನಾಲ್ಕು ವರ್ಷ ನಡೆಯುತ್ತದೆ, ಎಷ್ಟು ಸಲವಾದರೂ ಬರೆಯಬಹುದು. ಯಾವುದು ಚೆನ್ನಾಗಿದೆಯೋ ಅದನ್ನು ಅರ್ಜಿಗೆ ಹಚ್ಚಬಹುದು.

ಈಗ ಎಲ್ಲವೂ ಕಾಣುವ ಕಡೆ ಬರೋಣ. ನಿಮ್ಮಲ್ಲಿ ಅಮೆರಿಕದ ಕಡೆ ನೋಡುತ್ತಿರುವವರು ಸ್ವಲ್ಪ ಗಮನ ಕೊಡಿ, ಭಯಕ್ಕೆಲ್ಲ ಮೂಲ ಇರುವುದು ಇಲ್ಲೇ.

ಅಲ್ಲಿನ ಪರೀಕ್ಷೆ ಎಂಕ್ಯಾಟ್. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ, ಎಎಎಂಸಿ, ಅದನ್ನು ನಡೆಸುತ್ತದೆ. ನಾಲ್ಕು ಭಾಗ, ಒಂದೊಂದಕ್ಕೂ 118ರಿಂದ 132. ಒಟ್ಟು 472ರಿಂದ 528. ವಿಚಿತ್ರ ಅಂಕಿ, ಅಲ್ವಾ? ನಡುವೆ 500 ಬರಲಿ ಅಂತ ಹಾಗೆ ಇಟ್ಟಿದ್ದಾರೆ. ಕಾಲೇಜಿಗೆ ಸೇರಿದವರ ಸರಾಸರಿ ಸುಮಾರು 511, 512ರ ಹತ್ತಿರ ಇರುತ್ತದೆ. ಒಂದು ವರ್ಷದಲ್ಲಿ ಮೂರು ಸಲ, ಸತತ ಎರಡು ವರ್ಷದಲ್ಲಿ ನಾಲ್ಕು ಸಲ, ಇಡೀ ಜೀವನದಲ್ಲಿ ಏಳು ಸಲ ಬರೆಯಬಹುದು. ಬರೆದ ಪ್ರತಿ ಸಲದ ಅಂಕವೂ ನೀವು ಅರ್ಜಿ ಹಾಕಿದ ಕಾಲೇಜಿಗೆ ಹೋಗುತ್ತದೆ. ಒಳ್ಳೆಯದನ್ನು ಮಾತ್ರ ಕಳಿಸುತ್ತೇನೆ ಅನ್ನಲು ಆಗುವುದಿಲ್ಲ.

ಮುಚ್ಚಿಡಲು ಒಂದೇ ಒಂದು ದಾರಿ ಇದೆ, ಅದು ಎಂಥದು ನೋಡಿ. ಏಳೂವರೆ ಗಂಟೆಯ ದಿನ. ಕೊನೇ ಭಾಗ ಮುಗಿಯುತ್ತದೆ. ಕಣ್ಣು ಉರಿಯುತ್ತಿರುತ್ತದೆ. ಆಗ ತೆರೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಈ ಪರೀಕ್ಷೆಗೆ ಅಂಕ ಹಾಕೋಣವೇ, ರದ್ದು ಮಾಡೋಣವೇ? ಯೋಚಿಸಲು ಐದು ನಿಮಿಷ. ಎಷ್ಟು ಬಂದಿದೆ ಅನ್ನುವುದು ಆಗ ಗೊತ್ತಿರುವುದಿಲ್ಲ, ಅದು ತಿಳಿಯಲು ಒಂದು ತಿಂಗಳು ಬೇಕು. ರದ್ದು ಅಂದರೆ ಕಾಲೇಜಿಗೆ ಆ ದಿನ ಕಾಣುವುದಿಲ್ಲ, ನಿಮಗೂ ಅಂಕ ತಿಳಿಯುವುದಿಲ್ಲ. ಆದರೆ ಏಳರಲ್ಲಿ ಒಂದು ಖರ್ಚಾಯಿತು. ಪರೀಕ್ಷೆ ಬರೆದು ಹೊರಬಂದಾಗ ಎಲ್ಲರಿಗೂ ಹಾಳಾಯಿತು ಅಂತಲೇ ಅನ್ನಿಸುತ್ತದೆ. ನಡುವೆ ಹುಷಾರು ತಪ್ಪಿತು, ಒಂದು ಭಾಗವನ್ನು ಅರ್ಧಕ್ಕೇ ಬಿಡಬೇಕಾಯಿತು ಅನ್ನುವಂಥ ಕಾರಣ ಇಲ್ಲದಿದ್ದರೆ ಆ ಬಟನ್ ಒತ್ತಬೇಡಿ ಅಂತ ನಾನು ಹೇಳುತ್ತೇನೆ.

ಸರಿ, ಎಲ್ಲ ಅಂಕವೂ ಕಂಡಿತು. ಆಮೇಲೆ? ಇಲ್ಲಿ ಕಾಲೇಜುಗಳಲ್ಲಿ ಒಮ್ಮತ ಇಲ್ಲ. ಕೆಲವು ಎಲ್ಲಕ್ಕಿಂತ ಹೆಚ್ಚಿನ ಅಂಕ ತೆಗೆದುಕೊಳ್ಳುತ್ತವೆ. ಕೆಲವು ಇತ್ತೀಚಿನದನ್ನು. ಕೆಲವು ಸರಾಸರಿ ಹಾಕುತ್ತವೆ. ಕೆಲವು ಪ್ರತಿ ಭಾಗದ ಅತಿ ಹೆಚ್ಚಿನ ಅಂಕ ಆರಿಸಿ ಕೂಡಿಸುತ್ತವೆ. ಹಲವು ಕಡೆ ಲೆಕ್ಕವೇ ಹಾಕುವುದಿಲ್ಲ, ಎಲ್ಲವನ್ನೂ ಮುಂದಿಟ್ಟುಕೊಂಡು ಒಬ್ಬರು ಕೂತು ಓದುತ್ತಾರೆ. ಹೀಗೆ ಹೇಳಿದರೆ ಸಣ್ಣ ವ್ಯತ್ಯಾಸ ಅನ್ನಿಸಬಹುದು. ಹಲಗೆಯ ಮೇಲೆ ಬರೆದು ತೋರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಅಂದುಕೊಳ್ಳಿ. ನಾನು ಕಟ್ಟಿದ ಉದಾಹರಣೆ ಇದು. ಮೊದಲ ಸಲ ಬಂದದ್ದು: ರಸಾಯನ-ಭೌತ ಭಾಗದಲ್ಲಿ 124, ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ 130, ಜೀವಶಾಸ್ತ್ರದಲ್ಲಿ 125, ಮನಶ್ಶಾಸ್ತ್ರ-ಸಮಾಜಶಾಸ್ತ್ರದಲ್ಲಿ 126. ಒಟ್ಟು 505. ಎರಡನೇ ಸಲ ಅದೇ ಕ್ರಮದಲ್ಲಿ 129, 126, 129, 128. ಒಟ್ಟು 512. ಏಳು ಅಂಕ ಏರಿದ್ದಾಳೆ, ಒಳ್ಳೆಯ ಏರಿಕೆ. ಈಗ ಕಾಲೇಜುಗಳ ಕಣ್ಣಿನಿಂದ ನೋಡಿ. ಹೆಚ್ಚಿನದನ್ನು ನೋಡುವ ಕಡೆ ಇವಳು 512. ಇತ್ತೀಚಿನದನ್ನು ನೋಡುವ ಕಡೆಯೂ 512. ಸರಾಸರಿ ಹಾಕುವ ಕಡೆ 508.5. ಭಾಗವಾರು ಆರಿಸುವ ಕಡೆ 129, 130, 129, 128 ಸೇರಿ 516! ಒಬ್ಬಳೇ ಹುಡುಗಿ, ಅವೇ ಎರಡು ದಿನಗಳು. 508.5ರಿಂದ 516ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಲೆಕ್ಕ ಹಾಕದೆ ಓದುವವರ ಕಣ್ಣಿಗೆ ಬೀಳುವುದೇ ಬೇರೆ. ಓದುವ ಭಾಗದಲ್ಲಿ 130 ಇದ್ದದ್ದು 126ಕ್ಕೆ ಯಾಕೆ ಬಿತ್ತು? ವಿಜ್ಞಾನಕ್ಕೆ ಪೂರ್ತಿ ಸಮಯ ಕೊಟ್ಟು ಓದುವುದನ್ನು ಬಿಟ್ಟಳೇ? ಸಂದರ್ಶನದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಮರುಪ್ರಯತ್ನದಲ್ಲಿ ಒಟ್ಟು ಅಂಕದ ಮೇಲೇ ಕಣ್ಣಿಟ್ಟವರು ಎಡವುವುದು ಇಂಥ ಕಡೆ. ಹಳೆಯ ಬಲ ಉಳಿಸಿಕೊಂಡು ಹೊಸದನ್ನು ಸೇರಿಸಬೇಕು, ಅದಲು ಬದಲು ಮಾಡಿಕೊಳ್ಳುವುದಲ್ಲ.

ಯಾವ ಕಾಲೇಜು ಯಾವ ಕ್ರಮ ಅನುಸರಿಸುತ್ತದೆ ಅನ್ನುವುದು ಗುಟ್ಟೇನಲ್ಲ. ಎಎಎಂಸಿಯ ಎಂಎಸ್‌ಎಆರ್ ಅನ್ನುವ ಪಟ್ಟಿಯಲ್ಲಿ ಕಾಲೇಜುವಾರು ಕೊಟ್ಟಿರುತ್ತಾರೆ. ಎಷ್ಟು ಹಳೆಯ ಅಂಕದವರೆಗೆ ಒಪ್ಪುತ್ತಾರೆ ಅನ್ನುವುದೂ ಅಲ್ಲೇ ಇರುತ್ತದೆ, ಸಾಮಾನ್ಯವಾಗಿ ಎರಡು ಮೂರು ವರ್ಷ. ಅರ್ಜಿ ಹಾಕುವ ಮೊದಲು ಅದನ್ನು ನೋಡಿದವರು ಕೈ ಎತ್ತಿ ಅಂದರೆ ಹೆಚ್ಚು ಕೈ ಏಳುವುದಿಲ್ಲ. ನೋಡಿ, ಈಗಲೂ ಎದ್ದಿಲ್ಲ.

ಸರಾಸರಿ ಹಾಕುವುದು ಅನ್ಯಾಯ ಅಂತ ತುಂಬಾ ಮಂದಿ ಸಿಟ್ಟಾಗುತ್ತಾರೆ. ‘ನಾನು ಸುಧಾರಿಸಿದ್ದೇನೆ, ಹಳೆಯದನ್ನು ಯಾಕೆ ಎಳೆದು ತರುತ್ತಾರೆ?’ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರ ಕಡೆಯ ವಾದವೂ ಗಟ್ಟಿಯಾಗಿಯೇ ಇದೆ. ಬಿಪಿ ಒಂದು ಸಲ ಜಾಸ್ತಿ ಬಂತು ಅಂತ ಡಾಕ್ಟರು ಮಾತ್ರೆ ಬರೆಯುವುದಿಲ್ಲ, ಮತ್ತೆ ಮತ್ತೆ ನೋಡಿ ಸರಾಸರಿಯ ಮೇಲೆ ನಿರ್ಧಾರ ಮಾಡುತ್ತಾರೆ. ಪರೀಕ್ಷೆಯಲ್ಲೂ ಆ ದಿನದ ನಿದ್ದೆ, ಬಂದ ಪ್ರಶ್ನೆ, ಹೊಡೆದ ಊಹೆ, ಎಲ್ಲ ಸೇರಿ ಅಂಕ ಅತ್ತಿತ್ತ ಅಲುಗಾಡುತ್ತದೆ. ಎಎಎಂಸಿಯೇ ಹೇಳುವ ಪ್ರಕಾರ ಒಟ್ಟು ಅಂಕವನ್ನು ಎರಡು ಆಚೆ ಎರಡು ಈಚೆ ಅಂತಲೇ ಓದಬೇಕು. 509 ಅಂದರೆ 507ರಿಂದ 511ರ ನಡುವೆ ಎಲ್ಲೋ ಅಂತ ಅರ್ಥ. ನಾಲ್ಕು ಸಲ ಬರೆದು ಅದರಲ್ಲಿ ಅತಿ ಹೆಚ್ಚಿನದನ್ನು ಆರಿಸಿದರೆ, ಕೌಶಲದ ಜೊತೆಗೆ ಅದೃಷ್ಟವನ್ನೂ ಆರಿಸಿದ ಹಾಗಾಗುತ್ತದೆ.

ಇದನ್ನು ಲೆಕ್ಕ ಮಾಡಿ ನೋಡಿದವರೂ ಇದ್ದಾರೆ. 2010ರಲ್ಲಿ ‘ಅಕಾಡೆಮಿಕ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಒಂದಕ್ಕಿಂತ ಹೆಚ್ಚು ಸಲ ಎಂಕ್ಯಾಟ್ ಬರೆದವರ ಅಂಕವನ್ನು ನಾಲ್ಕು ರೀತಿಯಲ್ಲಿ ಲೆಕ್ಕ ಹಾಕಿ, ಅದರಲ್ಲಿ ಯಾವುದು ಮುಂದಿನ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತದ ಅಂಕಕ್ಕೆ ಹತ್ತಿರ ಬರುತ್ತದೆ ಅಂತ ಹೋಲಿಸಿದರು. ಹೆಚ್ಚು ಸರಿಹೊಂದಿದ್ದು ಸರಾಸರಿಯೇ. ಅದು ಹಳೆಯ ಮಾದರಿಯ ಎಂಕ್ಯಾಟ್, ಈಗಿನದು 2015ರಲ್ಲಿ ಬಂದದ್ದು ಅನ್ನುವುದು ನೆನಪಿರಲಿ. ಆದರೂ ಸರಾಸರಿ ಹಾಕುವ ಕಾಲೇಜನ್ನು ಕಟುಕ ಅನ್ನಬೇಡಿ. ಅವರ ಹತ್ತಿರ ಒಂದು ಕಾರಣ ಇದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಪರೀಕ್ಷೆ ಹುಟ್ಟಿದ್ದೇ ಯಾಕೆ? 1920ರ ದಶಕದಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಸೇರಿದವರು ನಡುವೆ ಬಿಟ್ಟುಹೋಗುವುದು ದೊಡ್ಡ ತಲೆನೋವಾಗಿತ್ತು. ಕೆಲವು ಕಡೆ ನೂರಕ್ಕೆ ಐದು ಮಂದಿ, ಕೆಲವು ಕಡೆ ಅರ್ಧಕ್ಕರ್ಧ. ಫ್ರೆಡ್ ಮಾಸ್ ಅನ್ನುವ ಮನಶ್ಶಾಸ್ತ್ರದ ಪ್ರಾಧ್ಯಾಪಕರು 1928ರಲ್ಲಿ ಒಂದು ಪರೀಕ್ಷೆ ತಯಾರಿಸಿದರು. ನೆನಪಿನ ಶಕ್ತಿ, ಓದಿದ್ದನ್ನು ಗ್ರಹಿಸುವುದು, ಹೀಗೆ. 1946ರ ಹೊತ್ತಿಗೆ ಬಿಟ್ಟುಹೋಗುವವರು ನೂರಕ್ಕೆ ಏಳಕ್ಕೆ ಇಳಿದಿದ್ದರು. ಅದೆಲ್ಲ ಪರೀಕ್ಷೆಯ ಪುಣ್ಯವೇ ಅಂತ ನಾನು ಹೇಳುವುದಿಲ್ಲ. ಹೇಳಬೇಕಾದ್ದು ಇಷ್ಟು: ಈ ಅಂಕವನ್ನು ಕಾಲೇಜು ಬಹುಮಾನದ ಥರ ನೋಡುವುದಿಲ್ಲ. ‘ಇವರು ನಮ್ಮಲ್ಲಿ ಉಳಿಯುತ್ತಾರಾ, ಮುಂದಿನ ಪರೀಕ್ಷೆ ದಾಟುತ್ತಾರಾ’ ಅನ್ನುವ ಮುನ್ಸೂಚನೆ ಅದು. ನೀವು ಅದನ್ನು ‘ನನ್ನ ಅರ್ಹತೆ’ ಅಂತ ಓದುತ್ತೀರಿ, ಅವರು ‘ನಮ್ಮ ಅಪಾಯ’ ಅಂತ ಓದುತ್ತಾರೆ. ಮರುಪ್ರಯತ್ನದ ಬಗ್ಗೆ ಅವರಿಗಿರುವ ಅಳುಕೆಲ್ಲ ಇಲ್ಲಿಂದಲೇ ಬಂದದ್ದು.

ಅವರ ಅಳುಕಿಗೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಲೈಸೆನ್ಸ್ ಪರೀಕ್ಷೆಯಲ್ಲಿ, ಯುಎಸ್‌ಎಂಎಲ್‌ಇಯಲ್ಲಿ, ಒಂದೊಂದು ಹಂತಕ್ಕೆ ನಾಲ್ಕೇ ಪ್ರಯತ್ನ. ಮೊದಲು ಆರು ಇತ್ತು, 2021ರಲ್ಲಿ ಇಳಿಸಿದರು. ಎಂಕ್ಯಾಟ್ ಐದು ಸಲ ಬರೆದು ಒಳಗೆ ಬಂದವರು ಅಲ್ಲಿ ಏನು ಮಾಡುತ್ತಾರೆ ಅನ್ನುವ ಯೋಚನೆ ಅವರಿಗೆ ಬಾರದೇ ಇರುತ್ತದಾ?

ಆದರೆ ಅಳುಕು ಒಂದು, ಅದನ್ನು ಕದ್ದು ಲೆಕ್ಕಕ್ಕೆ ಸೇರಿಸುವುದು ಇನ್ನೊಂದು. ಜಪಾನಿನ ಕತೆ ಹೇಳಲೇಬೇಕು. ಅಲ್ಲಿ ಕಾಲೇಜು ಸಿಗದೆ ಮತ್ತೆ ಪರೀಕ್ಷೆಗೆ ಕೂರುವವರನ್ನು ರೋನಿನ್ ಅನ್ನುತ್ತಾರೆ. ಒಂದು ವರ್ಷದ ರೋನಿನ್, ಎರಡು ವರ್ಷದ ರೋನಿನ್, ಹೀಗೆ. 2018ರಲ್ಲಿ ಟೋಕಿಯೊ ಮೆಡಿಕಲ್ ಯೂನಿವರ್ಸಿಟಿಯ ಗುಟ್ಟೊಂದು ಹೊರಬಿತ್ತು. ತನಿಖೆ ಶುರುವಾದದ್ದು ಒಬ್ಬ ಅಧಿಕಾರಿಯ ಮಗನಿಗೆ ಸೀಟು ಕೊಟ್ಟ ಹಗರಣದಿಂದ. ಕೆದಕಿದಾಗ ಸಿಕ್ಕಿದ್ದು ಇನ್ನೂ ದೊಡ್ಡದು.

ಅವರು ಮಾಡುತ್ತಿದ್ದದ್ದು ಹೀಗೆ. ಎರಡನೇ ಹಂತದ ಪ್ರಬಂಧದ ಅಂಕವನ್ನು ಎಲ್ಲರಿಗೂ 0.8ರಿಂದ ಗುಣಿಸುತ್ತಿದ್ದರು. ಆಮೇಲೆ ಮೊದಲ ಸಲ ಬರೆದ ಹುಡುಗರಿಗೆ, ಒಂದು ಎರಡು ವರ್ಷದ ರೋನಿನ್ ಹುಡುಗರಿಗೆ 20 ಅಂಕ ಸೇರಿಸುವುದು. ಮೂರು ವರ್ಷದ ರೋನಿನ್ ಹುಡುಗರಿಗೆ 10. ನಾಲ್ಕು ವರ್ಷದ ರೋನಿನ್‌ಗೆ ಸೊನ್ನೆ. ಹೆಣ್ಣುಮಕ್ಕಳಿಗೆ ಎಷ್ಟನೇ ಸಲವಾದರೂ ಸೊನ್ನೆ. ನಾಲ್ಕು ಜನ ಒಂದೇ ಥರ ಬರೆದು 80 ಅಂಕ ತೆಗೆದರು ಅನ್ನಿ. ಗುಣಿಸಿದಾಗ ಎಲ್ಲರದ್ದೂ 64. ಮೊದಲ ಸಲದ ಹುಡುಗ 84 ಆಗುತ್ತಾನೆ. ಮೂರು ವರ್ಷದ ರೋನಿನ್ 74. ನಾಲ್ಕು ವರ್ಷದವನು 64ರಲ್ಲೇ ಉಳಿದ. ಮೊದಲ ಸಲವೇ ಚೆನ್ನಾಗಿ ಬರೆದ ಹುಡುಗಿಯೂ ಅದೇ 64ರಲ್ಲಿ. ಇದು ಯಾವ ಮಾಹಿತಿ ಪುಸ್ತಕದಲ್ಲೂ ಇರಲಿಲ್ಲ. ಫೇಲಾದವರು ಮನೆಗೆ ಹೋಗಿ ಮತ್ತೆ ಓದಿದರು, ಮತ್ತೆ ಬಂದರು, ಬಂದಷ್ಟೂ ಅವರ ಅಂಕ ಕರಗುತ್ತಿತ್ತು. ಪ್ರಯತ್ನ ಹೆಚ್ಚಾದಷ್ಟೂ ಗುರಿ ದೂರ ಓಡುವಂತೆ ಯಂತ್ರ ಕಟ್ಟಿಟ್ಟಿದ್ದರು.

ಜಪಾನಿನ ಶಿಕ್ಷಣ ಸಚಿವಾಲಯ ಆಮೇಲೆ 81 ವೈದ್ಯಕೀಯ ಕಾಲೇಜುಗಳನ್ನು ಪರಿಶೀಲಿಸಿತು. ಇದೊಂದೇ ಕಾಲೇಜಲ್ಲ, ಇನ್ನೂ ಹಲವು ಕಡೆ ಹೆಣ್ಣುಮಕ್ಕಳಿಗೋ ರೋನಿನ್‌ಗಳಿಗೋ ಹೀಗೆ ಅನ್ಯಾಯವಾಗಿತ್ತು ಅಂತ ಗೊತ್ತಾಯಿತು. ಎರಡು ವರ್ಷದ ಪ್ರವೇಶದಲ್ಲಿ ಪಾಸಾಗಬೇಕಿದ್ದ 101 ಮಂದಿಯನ್ನು ಕೈಬಿಟ್ಟಿದ್ದೇವೆ ಅಂತ ಟೋಕಿಯೊದ ಆ ಕಾಲೇಜೇ ಒಪ್ಪಿಕೊಂಡಿತು. ಅಮೆರಿಕದಲ್ಲಿ ಅಂಕ ಎಲ್ಲರಿಗೂ ಕಾಣುತ್ತದೆ ಅಂತ ಗೊಣಗುವವರಿಗೆ ನಾನು ಈ ಕತೆ ಹೇಳುತ್ತೇನೆ. ಅಲ್ಲಿ ಕಾಣುತ್ತದೆ ಅನ್ನುವುದಾದರೂ ನಿಮಗೆ ಗೊತ್ತಿದೆ.

ಮಿತಿ ಹಾಕುವುದಿದ್ದರೆ ಬಹಿರಂಗವಾಗಿ ಹಾಕಿದವರೂ ಇದ್ದಾರೆ. ಫ್ರಾನ್ಸ್‌ನಲ್ಲಿ ಮೊದಲು ಆರೋಗ್ಯ ವಿಭಾಗದ ಮೊದಲ ವರ್ಷಕ್ಕೆ ಸೇರಿ, ಆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಮುಂದೆ ಹೋಗಬೇಕಿತ್ತು. ಗೆಲ್ಲದಿದ್ದರೆ ಅದೇ ವರ್ಷವನ್ನು ಇನ್ನೊಂದು ಸಲ ಓದಬಹುದಿತ್ತು. 2020ರ ಸುಧಾರಣೆ ಅದನ್ನು ಬದಲಿಸಿತು. ಈಗ ಒಟ್ಟು ಎರಡು ಅವಕಾಶ, ಆದರೆ ಅದೇ ವರ್ಷವನ್ನು ಮತ್ತೆ ಓದುವ ಹಾಗಿಲ್ಲ. ಮೊದಲನೆಯದು ಕೈಕೊಟ್ಟರೆ ಬೇರೊಂದು ಪದವಿಯಲ್ಲಿ ಮುಂದೆ ಹೋಗುತ್ತಾ ಎರಡನೆಯದಕ್ಕೆ ಪ್ರಯತ್ನಿಸಬೇಕು. ನನಗೆ ಇದು ಹಿಡಿಸಿತು. ಸೋತವರು ನಿಂತಲ್ಲೇ ನಿಲ್ಲಬಾರದು ಅನ್ನುವ ಯೋಚನೆ ಅದರಲ್ಲಿದೆ.

ಜರ್ಮನಿಯದು ಇನ್ನೂ ಮಜಾ. ಅಲ್ಲಿನ ವೈದ್ಯಕೀಯ ಸಾಮರ್ಥ್ಯ ಪರೀಕ್ಷೆ ಟಿಎಂಎಸ್ ಅನ್ನು ಬಹಳ ಕಾಲ ಜೀವನದಲ್ಲಿ ಒಂದೇ ಸಲ ಬರೆಯಬಹುದಿತ್ತು. 2022ರಿಂದ ಇನ್ನೊಂದು ಸಲ ಬಿಟ್ಟಿದ್ದಾರೆ. ಪರೀಕ್ಷೆಯಲ್ಲಿ ಇಷ್ಟು ಬಿಗಿ ಇದ್ದವರು ಕಾಯುವವರಿಗೆ ಮಾತ್ರ ಸೀಟು ಮೀಸಲಿಟ್ಟಿದ್ದರು! ನೂರಕ್ಕೆ ಇಪ್ಪತ್ತು ಸೀಟು, ಯಾರು ಹೆಚ್ಚು ಕಾಲ ಕಾದಿದ್ದಾರೋ ಅವರಿಗೆ. ಏಳು ವರ್ಷ ಕಾಯುವುದು ಅಲ್ಲಿ ಅಪರೂಪವಾಗಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇಷ್ಟು ಕಾಯಿಸುವುದು ಸರಿಯಲ್ಲ ಎಂದಿತು, 2020ರಲ್ಲಿ ಆ ಕೋಟಾ ಹೋಯಿತು. ಜಪಾನಿನ ಒಂದು ಕಾಲೇಜು ಕಾದವರ ಅಂಕ ಕಳೆಯುತ್ತಿತ್ತು, ಜರ್ಮನಿ ಕಾದಿದ್ದಕ್ಕೇ ಸೀಟು ಕೊಡುತ್ತಿತ್ತು.

ಈಗ ಒಂದು ಗೊಂದಲ ಬಿಡಿಸಬೇಕು. ಪರೀಕ್ಷೆ ಮತ್ತೆ ಬರೆಯುವುದು ಬೇರೆ, ಅರ್ಜಿ ಮತ್ತೆ ಹಾಕುವುದು ಬೇರೆ. ಒಂದೇ ವರ್ಷದಲ್ಲಿ ಎರಡು ಸಲ ಎಂಕ್ಯಾಟ್ ಬರೆದು ಮೊದಲ ಸಲ ಅರ್ಜಿ ಹಾಕಿದವರು ಇರುತ್ತಾರೆ. ಒಂದೇ ಸಲ ಬರೆದು ಅದೇ ಅಂಕದಲ್ಲಿ ಎರಡು ವರ್ಷ ಅರ್ಜಿ ಹಾಕಿದವರೂ ಇರುತ್ತಾರೆ. ಹಲವು ಕಾಲೇಜುಗಳು ಕೇಳುವುದು ಎರಡನೆಯವರನ್ನು: ‘ಹೋದ ಸಲದಿಂದ ಈಚೆಗೆ ನಿಮ್ಮಲ್ಲಿ ಏನು ಬದಲಾಗಿದೆ?’ ಅದಕ್ಕೆ ಪ್ರತ್ಯೇಕ ಜಾಗವೇ ಅರ್ಜಿಯಲ್ಲಿ ಇರುತ್ತದೆ. ಅಲ್ಲಿ ಬರೀ ‘ಅಂಕ ಏಳು ಹೆಚ್ಚಾಗಿದೆ’ ಅಂತ ಬರೆದರೆ ಸಾಲದು, ಅಂಕ ಅವರಿಗೇ ಕಾಣುತ್ತಿದೆ. ರೋಗಿಗಳ ನಡುವೆ ಕೆಲಸ ಮಾಡಿದ್ದೀರಾ? ಹೋದ ಸಲ ಹಾಕಿದ ಕಾಲೇಜುಗಳ ಪಟ್ಟಿಯೇ ಸರಿಯಿಲ್ಲದೆ ಇತ್ತಾ? ಅರ್ಜಿ ತಡವಾಯಿತಾ? ಎಷ್ಟೋ ಸಲ ತೊಂದರೆ ಅಂಕದಲ್ಲಿ ಇರುವುದೇ ಇಲ್ಲ. 513 ಇಟ್ಟುಕೊಂಡವರು ಸೀಟು ಸಿಗಲಿಲ್ಲ ಅಂತ ಮತ್ತೆ ಎಂಕ್ಯಾಟ್‌ಗೆ ಓಡಿ, 511 ತಂದುಕೊಂಡು, ಮೊದಲು ಇಲ್ಲದ ಒಂದು ಪ್ರಶ್ನೆಯನ್ನು ಹುಟ್ಟುಹಾಕಿಕೊಳ್ಳುತ್ತಾರೆ. ಚೆನ್ನಾಗಿಯೇ ಇದ್ದದ್ದನ್ನು ಮತ್ತೆ ಯಾಕೆ ಬರೆದರು? ಇವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲವಾ?

ಮರುಪ್ರಯತ್ನದ ಬಗ್ಗೆ ಸಂದರ್ಶನದಲ್ಲಿ ಕೇಳಿದರೆ ಏನು ಹೇಳಬೇಕು ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಉದ್ದ ಕತೆ ಬೇಡ. ಅಂದಿನ ಪರಿಸ್ಥಿತಿ, ಜ್ವರ, ಮನೆಯ ಕಷ್ಟ, ನಿಜವಿದ್ದರೆ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿ. ಅವರಿಗೆ ಬೇಕಾದ್ದು ನಿಮ್ಮ ರೋಗನಿರ್ಣಯ. ‘ಇನ್ನೂ ಜಾಸ್ತಿ ಓದಿದೆ’ ಅನ್ನುವುದು ಉತ್ತರವಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ‘ಮೊದಲ ಸಲ ನನಗೆ ವಿಷಯ ಗೊತ್ತಿತ್ತು, ಆದರೆ ಕೊಟ್ಟ ಪ್ಯಾರಾದಲ್ಲಿ ಪ್ರಯೋಗದ ವಿವರ ಓದುವಷ್ಟರಲ್ಲಿ ಸಮಯ ಹೋಗುತ್ತಿತ್ತು. ಮೂರು ತಿಂಗಳು ಹೊಸ ವಿಷಯ ಓದುವುದನ್ನು ನಿಲ್ಲಿಸಿ, ಗ್ರಾಫು ಕೋಷ್ಟಕ ಓದುವುದನ್ನೇ ರೂಢಿ ಮಾಡಿದೆ’ ಅಂದರೆ ಎದುರಿನವರು ಪೆನ್ನು ಎತ್ತಿಕೊಳ್ಳುತ್ತಾರೆ. ತನ್ನ ತಪ್ಪು ಎಲ್ಲಿದೆ ಅಂತ ಹುಡುಕಿ ತಿದ್ದಿಕೊಳ್ಳುವವರು ವಾರ್ಡಿನಲ್ಲೂ ಹಾಗೇ ಇರುತ್ತಾರೆ ಅನ್ನುವ ನಂಬಿಕೆ ಅವರದು.

ಇನ್ನು ಬರೆಯಬೇಕೋ ಬೇಡವೋ ಅನ್ನುವ ಪ್ರಶ್ನೆ. ಎರಡನೇ ಸಲ ಬರೆದವರಿಗೆ ಸಾಮಾನ್ಯವಾಗಿ ಏರುವುದು ಎರಡು ಮೂರು ಅಂಕ. ಏಳೆಂಟು ಏರುವವರು ಇದ್ದಾರೆ, ಇಳಿಯುವವರೂ ಇದ್ದಾರೆ. 505ರಿಂದ 507ಕ್ಕೆ ಹೋದರೆ ಅದು ಅಲುಗಾಟದೊಳಗೇ ಬರುತ್ತದೆ, ಓದುವವರಿಗೆ ಏರಿಕೆ ಅನ್ನಿಸುವುದೇ ಇಲ್ಲ. ಹಾಗಾಗಿ ದಿನಾಂಕ ಗೊತ್ತು ಮಾಡುವ ಮುಂಚೆ ಎಎಎಂಸಿಯದೇ ಪೂರ್ಣ ಅವಧಿಯ ಅಭ್ಯಾಸ ಪರೀಕ್ಷೆಗಳನ್ನು ಪರೀಕ್ಷೆಯ ದಿನದ ಹಾಗೇ ಬರೆಯಿರಿ. ಬೆಳಿಗ್ಗೆ ಅದೇ ಹೊತ್ತಿಗೆ, ಅಷ್ಟೇ ವಿರಾಮ, ಫೋನ್ ಬೇರೆ ಕೋಣೆಯಲ್ಲಿ. ಮೊದಲು ನೋಡಿದ ಪ್ರಶ್ನೆಗಳಿದ್ದರೆ ಆ ಅಂಕವನ್ನು ನಂಬಬೇಡಿ. ಕೊನೆಯ ಎರಡು ಮೂರರ ಸರಾಸರಿ ನಿಮ್ಮ ಹಳೆಯ ಅಂಕಕ್ಕಿಂತ ನಾಲ್ಕೈದಾದರೂ ಮೇಲಿಲ್ಲದಿದ್ದರೆ ಇನ್ನೂ ಸಮಯ ಬೇಕು ಅಂತ ಅರ್ಥ. ಇದು ನಿಯಮ ಪುಸ್ತಕದ ಮಾತಲ್ಲ, ನನ್ನ ಅಳತೆ.

ಸಮಯ ಬೇಕು ಅನ್ನಿಸಿದರೆ ಬೇಗ ನಿರ್ಧರಿಸಿ. ಪರೀಕ್ಷೆಗೆ 60 ದಿನ, 30 ದಿನ, 10 ದಿನ ಅಂತ ಮೂರು ಗಡುವುಗಳಿವೆ. ತಡವಾದಷ್ಟೂ ದಿನಾಂಕ ಬದಲಿಸುವ ಖರ್ಚು ಜಾಸ್ತಿ. ಹತ್ತು ದಿನದ ಗಡುವು ದಾಟಿದ ಮೇಲೆ ಬದಲಿಸುವುದೂ ಇಲ್ಲ, ರದ್ದೂ ಇಲ್ಲ. ಆಗ ಹೋಗಿ ಬರೆದರೆ ಅಂಕ ಉಳಿಯುತ್ತದೆ. ಹೋಗದೇ ಮನೆಯಲ್ಲಿ ಕೂತರೆ ಕಾಲೇಜಿಗೆ ಅದು ಕಾಣುವುದಿಲ್ಲ, ನಿಮ್ಮ ಏಳರ ಲೆಕ್ಕದಲ್ಲಿ ಮಾತ್ರ ಒಂದು ಕಡಿಮೆಯಾಗಿರುತ್ತದೆ.